ಹಿತಕಿದ ಅವರೆ

ಡಿಸೆಂಬರಿನ ಕೊನೆ, ಸೊಗಡವರೆಯ ಕಾಲ.
ರಾತ್ರಿ ನೆನೆಹಾಕಿದ ಕಾಳು ಬೋಸಿಯಲ್ಲಿ ಉಬ್ಬಿ ಕೂತಿತ್ತು.
ಮತ್ತೀಕೆರೆ, ಎರಡನೇ ಮಹಡಿ, ಬಾಗಿಲಿಗೆ ಬಂದ ಬಿಸಿಲು.
ಹೆಬ್ಬೆರಳಿಂದ ಒತ್ತಿದರೆ
ಪುಳಕ್ಕನೆ ಜಾರುವ ಬೇಳೆ,
ಕೈಯಲ್ಲಿ ಉಳಿಯುವ ಸಿಪ್ಪೆ.

ಆಗ ಫೋನು.
"ಪಂಕಜಾಕ್ಷಿ ಅವರಾ? ಇನ್ಕಮ್ ಟ್ಯಾಕ್ಸಿಂದ ಮಾತಾಡ್ತಿರೋದು."
ಒದ್ದೆ ಕೈ. ಕಿರುಬೆರಳಲ್ಲೇ ಸ್ಪೀಕರ್ ಒತ್ತಿದೆ.
"ನಿಮ್ಮ ಪ್ಯಾನ್ ಮೇಲೆ ಎರಡು ಲಕ್ಷ ಬಾಕಿ.
ವಾರಂಟು ಹೊರಟಿದೆ. ಇನ್ನು ನಲವತ್ತು ನಿಮಿಷ.
ಫೋನ್ ಇಡಬೇಡಿ. ಮನೇಲಿ ಯಾರಿಗೂ ಹೇಳಬೇಡಿ."

ನಲವತ್ತು ನಿಮಿಷ!
ಆ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಇದ್ದೆ ಕಣಪ್ಪ,
ಅಧಿಕಾರಿಯಲ್ಲ, ರವಾನೆ ವಿಭಾಗ:
ಲಕೋಟೆಗೆ ಅಂಟು, ಅಂಟಿನ ಮೇಲೆ ಮೊಹರು,
ರಿಜಿಸ್ಟರಿನಲ್ಲಿ ನಂಬರು.
ಒಂದು ಕಡತ ಮೂರನೇ ಮಹಡಿಯಿಂದ ಎರಡಕ್ಕೆ ಇಳಿಯಲು
ಒಂದು ಯುಗಾದಿ, ಒಂದು ದಸರಾ ಹಿಡಿಯುತ್ತಿತ್ತು.
ನಲವತ್ತು ನಿಮಿಷದಲ್ಲಿ ನಮ್ಮಲ್ಲಿ
ಆಗುತ್ತಿದ್ದ ಕೆಲಸ ಒಂದೇ, ಕಾಫಿ.

"ಪತ್ರದ ನಂಬರು ಹೇಳಿ," ಅಂದೆ.
"ಮೇಡಂ, ಅದು ಕಾನ್ಫಿಡೆನ್ಶಿಯಲ್."
"ಯಾವ ವರ್ಷದ್ದು?"
"ಎಲ್ಲಾ ವರ್ಷದ್ದು."
"ಯಾವ ವಾರ್ಡು?"
ದನಿ ತಡವರಿಸಿತು. "ಬೆಂಗಳೂರು ವಾರ್ಡು."
ಅವನ ಹಿಂದೆ ಇನ್ನೊಂದು ದನಿ, ಇನ್ಯಾರಿಗೋ
ಅದೇ ನಲವತ್ತು ನಿಮಿಷ ಹೇಳುತ್ತಿತ್ತು,
ಮಗ್ಗಿ ಒಪ್ಪಿಸುವ ಹುಡುಗರ ಹಾಗೆ.

"ನೋಡಪ್ಪ, ತೆರಿಗೆಯವರು ಬರೀತಾರೆ,
ಬರೆದು ಕಾಯ್ತಾರೆ. ಓಟಿಪಿ ಕೇಳಲ್ಲ,
ಈಗಲೇ ಕಳಿಸು ಅನ್ನಲ್ಲ, ಹೆಂಡತಿಗೆ ಹೇಳಬೇಡ..."
ಎನ್ನುವಷ್ಟರಲ್ಲಿ ಇಟ್ಟೇಬಿಟ್ಟ.
ಗೆದ್ದೆ. ಇನ್ನೊಂದು ಹಿಡಿ ಬೇಳೆ ತಟ್ಟೆಗೆ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.
ಹೊರಟೆ ಕೂಡ. ಮೊದಲು ಕೆಳಗೆ,
ಇಸ್ತ್ರಿ ಗಾಡಿಯ ಮುನಿಚಿಕ್ಕನ ಹತ್ತಿರ.
ಅವನು ನಗಲಿಲ್ಲ.
ಪೆಟ್ಟಿಗೆಯ ಕೆಂಡಕ್ಕೆ ಊದಿದ, ಮತ್ತೆ ಊದಿದ,
ಯಾರದೋ ಬಿಳಿ ಅಂಗಿಯ ಕಾಲರು ಮಡಿಸುತ್ತ ಅಂದ:
"ನಂಗೂ ಬಂದಿತ್ತಕ್ಕ. ಹೋದ ಮಂಗಳವಾರ.
ಮೂವತ್ತೆಂಟು ಸಾವಿರ. ಮಗಳ ನರ್ಸಿಂಗ್ ಫೀಸು.
ಯಾರಿಗೂ ಹೇಳಬೇಡ ಅಂದಿದ್ರು. ಹೇಳಿಲ್ಲ."

ಆದಾಯವೇ ಇಲ್ಲದವನಿಗೆ ಆದಾಯ ತೆರಿಗೆ.
"ನಿಂಗ್ಯಾಕೋ ಭಯ?" ಬಾಯಿಗೆ ಬಂದದ್ದನ್ನು ನುಂಗಿದೆ.
ಸರ್ಕಾರದ ಕಂದು ಲಕೋಟೆ ಒಡೆಯದೆ ಹಿಡಿದು
"ಇದೇನು ಓದಿ ಅಕ್ಕ" ಎನ್ನುವ ಕೈಗಳನ್ನು
ಈ ಬೀದಿಯಲ್ಲೇ ಎಷ್ಟು ನೋಡಿಲ್ಲ!
ಆ ಭಯ ಈ ಹುಡುಗರು ಬಿತ್ತಿದ್ದಲ್ಲ.
ಬೆಳೆದು ನಿಂತಿತ್ತು, ಬಂದು ಕೊಯ್ದುಕೊಂಡರು.
"ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು":
ಅದನ್ನು ಮಡಿಸಿ ಲಕೋಟೆಗೆ ಹಾಕಿ
ಅಂಟು ಹಚ್ಚಿದ್ದು ಈ ಹೆಬ್ಬೆರಳೇ.

ಅವನ ಫೋನ್ ಈಸಿಕೊಂಡೆ. ಹತ್ತೊಂಬತ್ತು ಮೂವತ್ತು ಒತ್ತಿದೆ.
ಕಾಯಿರಿ ಎಂದಿತು. ಕಾಯುವುದು ನನಗೆ ಗೊತ್ತು.
ದಿನಾಂಕ, ಬ್ಯಾಂಕು, ಹಣ ಹೋದ ಖಾತೆ,
ಒಗೆದ ಬಟ್ಟೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ದೂರಿನ ನಂಬರು ಬರೆದು ಅಡಿಗೆರೆ ಎಳೆದೆ,
ಹಳೇ ಚಾಳಿ.

"ದುಡ್ಡು ಬರತ್ತಾ ಅಕ್ಕ?"
ಗೊತ್ತಿಲ್ಲ ಅಂದೆ.
ಆವತ್ತೇ ಮಾಡಿದ್ದರೆ ಆಸೆ ಹೆಚ್ಚಿತ್ತು, ಅದನ್ನು ಹೇಳಲಿಲ್ಲ.
"ಮನೇಲಿ ಹೇಳಿದೀಯಾ?"
ತಲೆ ಅಲ್ಲಾಡಿಸಿದ.
"ಇವತ್ತು ಹೇಳು. ಅವರು ಮೊದಲು ಕಿತ್ಕೊಂಡಿದ್ದು ಅದನ್ನ,
ದುಡ್ಡು ಆಮೇಲೆ."

ಮೇಲೆ ಬಂದರೆ ಇನ್ನೂ ಅರ್ಧ ಬೋಸಿ ಕಾಳು.
ಸಂಜೆ ಒಂದು ಡಬ್ಬಿ ಸಾರು ಕೆಳಗೆ ಹೋಯಿತು.
ಬೆಳಿಗ್ಗೆ ಡಬ್ಬಿ ತೊಳೆದು ತಂದದ್ದು ಅವನ ಹೆಂಡತಿ.
ಕಣ್ಣು ಊದಿತ್ತು.
ಖಾರ ಒಂಚೂರು ಜಾಸ್ತಿ ಆಗಿತ್ತು, ಅಂದಳು.